ಮೊದಲು ಯಾರಿಗೆ?

(ಆಶಯ: ವಿಪತ್ತು ಬಂದಾಗ ಕರುಣೆಯೊಂದೇ ಸಾಲದು, ಕರುಣೆಗೆ ಕ್ರಮವೂ ಬೇಕು. ಏಕಕಾಲದಲ್ಲಿ ಅನೇಕರು ಗಾಯಗೊಂಡಾಗ ಚಿಕಿತ್ಸೆಯ ಸರದಿಯನ್ನು ಹೇಗೆ ನಿರ್ಧರಿಸುತ್ತಾರೆ, ಆ ನಿರ್ಧಾರಕ್ಕೆ ಎಲ್ಲರೂ ಒಪ್ಪಿದ ಒಂದೇ ಅಳತೆ ಏಕೆ ಬೇಕು ಎಂಬುದನ್ನು ಈ ಪಾಠ ವಿವರಿಸುತ್ತದೆ.)

ಒಬ್ಬ ರೋಗಿ, ಅವನ ಬಳಿ ಒಬ್ಬ ವೈದ್ಯ, ಇಬ್ಬರು ದಾದಿಯರು, ಬೇಕಾದ ಔಷಧ, ಸಾಕಷ್ಟು ಸಮಯ—ಇದು ಆಸ್ಪತ್ರೆಯಲ್ಲಿ ನಾವು ಸಾಮಾನ್ಯವಾಗಿ ಕಾಣುವ ದೃಶ್ಯ. ಅಲ್ಲಿ ವೈದ್ಯನ ಮುಂದಿರುವ ಪ್ರಶ್ನೆ ಒಂದೇ: ಈ ರೋಗಿಗೆ ಏನು ಮಾಡಬೇಕು? ಆದರೆ ರೈಲು ಹಳಿ ತಪ್ಪಿದಾಗ, ಕಟ್ಟಡ ಕುಸಿದಾಗ, ಭೂಮಿ ನಡುಗಿ ಊರಿಗೆ ಊರೇ ನೆಲಸಮವಾದಾಗ ಆ ದೃಶ್ಯ ತಲೆಕೆಳಗಾಗುತ್ತದೆ. ಗಾಯಾಳುಗಳು ನೂರು ಮಂದಿ. ಸಹಾಯಕ್ಕೆ ಬಂದವರು ಹತ್ತು ಮಂದಿ. ಆಗ ‘ಏನು ಮಾಡಬೇಕು?’ ಎಂಬುದಕ್ಕಿಂತ ಮೊದಲೇ ಇನ್ನೊಂದು ಪ್ರಶ್ನೆ ಎದುರು ನಿಲ್ಲುತ್ತದೆ: ‘ಮೊದಲು ಯಾರಿಗೆ ಮಾಡಬೇಕು?’ ಈ ಪ್ರಶ್ನೆಗೆ ಉತ್ತರ ಹುಡುಕುತ್ತ ಮನುಷ್ಯನು ಇನ್ನೂರು ವರ್ಷಗಳಿಗೂ ಮಿಗಿಲಾದ ದಾರಿಯನ್ನು ಸವೆಸಿದ್ದಾನೆ.

ಗಾಯಾಳುಗಳ ಸಂಖ್ಯೆ ಮಾತ್ರದಿಂದಲೇ ಒಂದು ಘಟನೆ ಸಾಮೂಹಿಕ ದುರಂತ ಎನಿಸಿಕೊಳ್ಳುವುದಿಲ್ಲ. ಇರುವ ನೆರವಿಗೂ ಬಂದ ಆಪತ್ತಿಗೂ ಇರುವ ಅಂತರವೇ ಅದರ ಅಳತೆಗೋಲು. ದೊಡ್ಡ ನಗರದ ದೊಡ್ಡ ಆಸ್ಪತ್ರೆಗೆ ಹತ್ತು ಮಂದಿ ಗಾಯಾಳುಗಳು ಒಮ್ಮೆಗೇ ಬಂದರೆ ಅದು ಕಷ್ಟದ ದಿನ, ಅಷ್ಟೆ. ಒಬ್ಬರೇ ವೈದ್ಯರಿರುವ ಹಳ್ಳಿಯ ಆರೋಗ್ಯ ಕೇಂದ್ರಕ್ಕೆ ಅದೇ ಹತ್ತು ಮಂದಿ ಬಂದರೆ ಅದು ಮಹಾದುರಂತ.

ಇಂತಹ ಹೊತ್ತಿನಲ್ಲಿ ಮನಸ್ಸು ತಾನಾಗಿಯೇ ಕೆಲವು ಉತ್ತರಗಳನ್ನು ಕೊಡುತ್ತದೆ. ಕಣ್ಣೆದುರಿಗೆ ಬಿದ್ದವನನ್ನು ಮೊದಲು ಎತ್ತು. ಪರಿಚಿತನನ್ನು ಮೊದಲು ನೋಡು. ದೊಡ್ಡ ಅಧಿಕಾರಿಯನ್ನು ಮೊದಲು ಸಾಗಿಸು. ಗಟ್ಟಿಯಾಗಿ ಕೂಗುವವನ ಬಳಿಗೆ ಮೊದಲು ಓಡು. ಇವು ಸಹಜವಾದ ಉತ್ತರಗಳು. ಆದರೆ ಇವುಗಳಲ್ಲಿ ಯಾವುದೂ ಸರಿಯಾದ ಉತ್ತರವಲ್ಲ. ಅತ್ತ ಮಗುವಿಗೆ ಹಾಲು ಎಂಬುದು ಲೋಕರೂಢಿ. ದುರಂತದ ಸ್ಥಳದಲ್ಲಿ ಈ ರೂಢಿ ಸಲ್ಲದು. ಕೂಗುವಷ್ಟು ಉಸಿರಿರುವವನು ಇನ್ನಷ್ಟು ಹೊತ್ತು ಕಾಯಬಲ್ಲನು. ಸದ್ದಿಲ್ಲದೆ ಮೂಲೆಯಲ್ಲಿ ಬಿದ್ದಿರುವವನ ಪ್ರಾಣ ಆ ಕ್ಷಣದಲ್ಲಿಯೇ ಹೋಗುತ್ತಿರಬಹುದು.

ಈ ಸತ್ಯವನ್ನು ಮೊದಲು ಕಂಡುಕೊಂಡವರು ರಣರಂಗದ ವೈದ್ಯರು. ಹದಿನೆಂಟನೆಯ ಶತಮಾನದ ಯೂರೋಪಿನಲ್ಲಿ ಯುದ್ಧ ಮುಗಿಯುವವರೆಗೂ ಗಾಯಗೊಂಡ ಸಿಪಾಯಿಗಳು ಬಿದ್ದಲ್ಲಿಯೇ ಬಿದ್ದಿರುತ್ತಿದ್ದುದು ಸಾಮಾನ್ಯವಾಗಿತ್ತು. ಫ್ರೆಂಚ್ ಸೇನೆಯ ಶಸ್ತ್ರವೈದ್ಯನಾದ ಡೊಮಿನಿಕ್ ಝಾನ್ ಲಾರೆ (1766–1842) ಇದನ್ನು ಕಂಡು ಮರುಗಿದನು. 1792ರ ಸುಮಾರಿಗೆ ಅವನು ಹಗುರವಾದ ಕುದುರೆಗಾಡಿಗಳ ಒಂದು ವ್ಯವಸ್ಥೆಯನ್ನು ಕಲ್ಪಿಸಿದನು. ಕಾಳಗ ನಡೆಯುತ್ತಿರುವಾಗಲೇ ಗಾಯಾಳುಗಳನ್ನು ಎತ್ತಿ ತರುವ ಆ ಗಾಡಿಗಳಿಗೆ ‘ಹಾರುವ ಆಂಬ್ಯುಲೆನ್ಸ್’ ಎಂಬ ಹೆಸರು ಬಂದಿತು. ಮುಂದೆ ನೆಪೋಲಿಯನ್ನನ ದಂಡಯಾತ್ರೆಗಳಲ್ಲಿ ಅವನೊಡನೆ ನಡೆದ ಲಾರೆ ಇನ್ನೂ ದೊಡ್ಡದೊಂದು ನಿಯಮವನ್ನು ಸಾರಿದನು: ಯಾರ ಗಾಯ ಹೆಚ್ಚು ಅಪಾಯಕಾರಿಯೋ ಅವರಿಗೆ ಮೊದಲು ಚಿಕಿತ್ಸೆ; ಪದವಿಯನ್ನಾಗಲಿ ಅಂತಸ್ತನ್ನಾಗಲಿ ಲೆಕ್ಕಿಸಕೂಡದು. ದಂಡನಾಯಕನಿಗೂ ಸಾಮಾನ್ಯ ಸಿಪಾಯಿಗೂ ಒಂದೇ ಸಾಲು ಎಂಬ ಮಾತು ಅಂದಿನ ಸಮಾಜದಲ್ಲಿ ಸಣ್ಣ ಮಾತಾಗಿರಲಿಲ್ಲ.

ಅರ್ಧ ಶತಮಾನದ ಅನಂತರ ಕ್ರಿಮಿಯಾ ಯುದ್ಧ ನಡೆಯಿತು. 1854ರ ಕೊನೆಯಲ್ಲಿ ರಷ್ಯದ ಶಸ್ತ್ರವೈದ್ಯ ನಿಕೊಲಾಯ್ ಪಿರೊಗೋವ್ ಮುತ್ತಿಗೆಗೆ ಸಿಕ್ಕಿದ್ದ ಸೆವಸ್ತೊಪೋಲ್ ನಗರಕ್ಕೆ ಬಂದನು. ಅಲ್ಲಿ ಗಾಯಾಳುಗಳು ಗುಂಪುಗುಂಪಾಗಿ ಬರುತ್ತಿದ್ದರು. ಸಾಯುತ್ತಿರುವವರು, ಬದುಕುವವರು, ಚಿಕ್ಕ ಗಾಯದವರು ಎಲ್ಲರೂ ಒಂದೇ ಕಡೆ ಒತ್ತೊತ್ತಾಗಿ ಬಿದ್ದಿರುತ್ತಿದ್ದರು. ವೈದ್ಯರು ಎಷ್ಟೇ ದುಡಿದರೂ ಗೊಂದಲ ತಗ್ಗುತ್ತಿರಲಿಲ್ಲ. ಪಿರೊಗೋವ್ ಗಾಯಾಳುಗಳನ್ನು ಬಂದ ಕೂಡಲೆ ಐದು ಗುಂಪುಗಳಾಗಿ ಬೇರ್ಪಡಿಸುವ ಪದ್ಧತಿಯನ್ನು ಜಾರಿಗೆ ತಂದನು. ಬದುಕುವ ಆಸೆಯೇ ಇಲ್ಲದವರು ಒಂದು ಕಡೆ, ಕೂಡಲೆ ಶಸ್ತ್ರಚಿಕಿತ್ಸೆ ಆಗಲೇಬೇಕಾದವರು ಒಂದು ಕಡೆ, ಮರುದಿನದವರೆಗೆ ತಡೆಯಬಲ್ಲವರು ಮತ್ತೊಂದು ಕಡೆ—ಹೀಗೆ. ಮೊದಲ ಗುಂಪಿನವರನ್ನೂ ಅವನು ಕೈಬಿಡಲಿಲ್ಲ. ಅವರ ಕೊನೆಯ ಗಳಿಗೆಗಳನ್ನು ಶುಶ್ರೂಷೆಯ ಸೋದರಿಯರಿಗೂ ಪಾದ್ರಿಗಳಿಗೂ ಒಪ್ಪಿಸಿದನು. ಚಿಕಿತ್ಸೆಗಿಂತ ಮುಂಚೆ ವ್ಯವಸ್ಥೆ ಬೇಕು ಎಂಬುದು ಅವನು ಕಂಡುಕೊಂಡ ಪಾಠ.

ಈ ವಿಂಗಡಣೆಗೆ ಇಂದು ಜಗತ್ತಿನಾದ್ಯಂತ ‘ಟ್ರಯಾಜ್’ ಎಂಬ ಹೆಸರಿದೆ. ‘ಆರಿಸು, ಬೇರ್ಪಡಿಸು’ ಎಂಬ ಅರ್ಥದ ಫ್ರೆಂಚ್ ಧಾತುವಿನಿಂದ ಬಂದ ಮಾತು ಅದು. ಉಣ್ಣೆಯನ್ನೂ ಕಾಫಿಬೀಜವನ್ನೂ ಗುಣಕ್ಕೆ ತಕ್ಕಂತೆ ವಿಂಗಡಿಸುವ ಕೆಲಸಕ್ಕೆ ವ್ಯಾಪಾರಿಗಳು ಈ ಪದವನ್ನು ಬಳಸುತ್ತಿದ್ದರು. ಸಂತೆಯ ಮಾತು ಹೀಗೆ ಶುಶ್ರೂಷೆಯ ಮಾತಾಯಿತು.

ರಣರಂಗದ ಈ ಪದ್ಧತಿಯನ್ನು ನಾಗರಿಕ ಜೀವನಕ್ಕೆ ತರುವಾಗ ಒಂದು ತೊಡಕು ಎದುರಾಯಿತು. ಅಪಘಾತದ ಸ್ಥಳಕ್ಕೆ ಮೊದಲು ಬರುವವರು ಅನುಭವಿ ಶಸ್ತ್ರವೈದ್ಯರಲ್ಲ. ಅಗ್ನಿಶಾಮಕ ದಳದವರು, ಆಂಬ್ಯುಲೆನ್ಸ್ ಸಿಬ್ಬಂದಿ, ಪೊಲೀಸರು. ಅವರಿಗೆ ಪರೀಕ್ಷೆಯ ಉಪಕರಣಗಳಿಲ್ಲ, ಸಮಯವೂ ಇಲ್ಲ. ಅವರ ಕೈಗೆ ಸುಲಭವಾದ, ಮರೆಯಲಾಗದ ಒಂದು ಸೂತ್ರವನ್ನು ಕೊಡಬೇಕಾಗಿತ್ತು. 1983ರಲ್ಲಿ ಅಮೆರಿಕದ ಕ್ಯಾಲಿಫೋರ್ನಿಯದ ನ್ಯೂಪೋರ್ಟ್ ಬೀಚ್ ನಗರದ ಅಗ್ನಿಶಾಮಕ ದಳವೂ ಹೋಗ್ ಆಸ್ಪತ್ರೆಯೂ ಕೂಡಿ ಅಂತಹದೊಂದು ಸೂತ್ರವನ್ನು ರೂಪಿಸಿದವು. ಅದರ ಹೆಸರು ‘ಸ್ಟಾರ್ಟ್’. ಇದರಲ್ಲಿ ನಾಲ್ಕು ಬಣ್ಣಗಳಿವೆ. ತಡಮಾಡಿದರೆ ಪ್ರಾಣ ಹೋಗುವವರಿಗೆ ಕೆಂಪು. ಗಾಯ ದೊಡ್ಡದಾದರೂ ಸ್ವಲ್ಪ ಹೊತ್ತು ತಡೆಯಬಲ್ಲವರಿಗೆ ಹಳದಿ. ಚಿಕ್ಕ ಗಾಯದವರಿಗೆ ಹಸಿರು. ಉಸಿರು ನಿಂತವರಿಗೆ ಕಪ್ಪು.

ಸೂತ್ರದ ನಡೆ ಹೀಗಿದೆ. ಸಹಾಯಕನು ಮೊದಲು ಗಟ್ಟಿಯಾಗಿ, ‘ನಡೆಯಬಲ್ಲವರೆಲ್ಲ ಎದ್ದು ಅತ್ತ ಹೋಗಿ’ ಎಂದು ಕೂಗಿ ಹೇಳುತ್ತಾನೆ. ಎದ್ದು ಹೋದವರು ಹಸಿರು ಗುಂಪಿನವರು. ಈ ಒಂದು ಕೂಗಿನಿಂದಲೇ ಜಂಗುಳಿಯ ಬಹುಪಾಲು ಕರಗುತ್ತದೆ. ಉಳಿದವರಲ್ಲಿ ಒಬ್ಬೊಬ್ಬರ ಬಳಿಗೂ ಹೋಗಿ ಮೂರೇ ಸಂಗತಿಗಳನ್ನು ನೋಡುತ್ತಾನೆ: ಉಸಿರು, ರಕ್ತದ ಓಡಾಟ, ಅರಿವು. ಉಸಿರಾಟ ನಿಮಿಷಕ್ಕೆ 30ನ್ನು ಮೀರಿದರೆ ಕೆಂಪು. ಉಗುರನ್ನು ಒತ್ತಿ ಬಿಟ್ಟಾಗ ಅದರ ಕೆಂಪು ಮರಳಲು 2 ಸೆಕೆಂಡಿಗಿಂತ ಹೆಚ್ಚು ಹಿಡಿದರೆ ಕೆಂಪು. ಹೇಳಿದ ಸರಳ ಮಾತಿನಂತೆ ನಡೆಯಲಾರದೆ ಹೋದರೂ ಕೆಂಪು. ಈ ಮೂರನ್ನೂ ದಾಟಿದವರು ಹಳದಿ. ಕತ್ತಲೆಯಲ್ಲಿಯೂ ಚಳಿಯಲ್ಲಿಯೂ ಉಗುರಿನ ಪರೀಕ್ಷೆ ಕಷ್ಟವೆಂದು ಮುಂದೆ ಅದರ ಬದಲಿಗೆ ಮಣಿಕಟ್ಟಿನ ನಾಡಿಯನ್ನು ನೋಡುವ ಕ್ರಮ ಬಂದಿತು. ಒಬ್ಬ ಗಾಯಾಳುವಿಗೆ ಒಂದು ನಿಮಿಷಕ್ಕಿಂತ ಹೆಚ್ಚು ಸಮಯವನ್ನು ಕೊಡುವಂತಿಲ್ಲ.

ಒಂದು ಉದಾಹರಣೆಯನ್ನು ಕಲ್ಪಿಸಿಕೊಳ್ಳೋಣ. ಬಸ್ಸೊಂದು ಕಂದಕಕ್ಕೆ ಉರುಳಿದೆ. ಕೈಮುರಿದ ಒಬ್ಬನು ನೋವಿನಿಂದ ಅರಚುತ್ತಿದ್ದಾನೆ. ಆದರೆ ಕರೆದಾಗ ಎದ್ದು ನಡೆದು ಬರುತ್ತಾನೆ. ಅವನು ಹಸಿರು. ತೊಡೆಮೂಳೆ ಮುರಿದ ಹೆಂಗಸೊಬ್ಬಳು ಏಳಲಾರಳು. ಅವಳ ಉಸಿರಾಟ ನಿಮಿಷಕ್ಕೆ 24, ನಾಡಿ ಸಿಗುತ್ತದೆ, ‘ನನ್ನ ಕೈಯನ್ನು ಹಿಡಿ’ ಎಂದರೆ ಹಿಡಿಯುತ್ತಾಳೆ. ಅವಳು ಹಳದಿ. ಹೊರಗೆ ಒಂದು ಗಾಯವೂ ಕಾಣದ ತರುಣನೊಬ್ಬನು ಸುಮ್ಮನೆ ಒರಗಿ ಕುಳಿತಿದ್ದಾನೆ. ಅವನ ಉಸಿರಾಟ ನಿಮಿಷಕ್ಕೆ 36. ಅವನು ಕೆಂಪು, ಅವನನ್ನು ಇನ್ನೇನೂ ಕೇಳಬೇಕಾಗಿಲ್ಲ. ಮುದುಕರೊಬ್ಬರಿಗೆ ಉಸಿರೇ ಇಲ್ಲ. ಸಹಾಯಕನು ಅವರ ಶ್ವಾಸದ ದಾರಿ ತೆರೆಯುವಂತೆ ತಲೆಯನ್ನು ಸರಿಪಡಿಸುತ್ತಾನೆ. ಉಸಿರು ಮರಳಿದರೆ ಕೆಂಪು, ಮರಳದಿದ್ದರೆ ಕಪ್ಪು. ಶ್ವಾಸದ ದಾರಿಯನ್ನು ತೆರೆಯುವುದು, ಸುರಿಯುವ ರಕ್ತವನ್ನು ತಡೆಯುವುದು—ಇಂತಹ ಕ್ಷಣಾರ್ಧದ ಉಪಚಾರಗಳನ್ನು ಬಿಟ್ಟರೆ ವಿಂಗಡಿಸುವವನು ಬೇರೆ ಚಿಕಿತ್ಸೆಗೆ ಕೈಹಾಕಬಾರದು. ಒಬ್ಬನ ಬಳಿಯಲ್ಲಿಯೇ ಅವನು ನಿಂತುಬಿಟ್ಟರೆ, ಮುಂದೆ ಬಿದ್ದಿರುವ ಹತ್ತು ಮಂದಿಯನ್ನು ನೋಡುವವರಿಲ್ಲ.

ಈ ಕೆಲಸದ ಅತ್ಯಂತ ಕಠಿಣವಾದ ಭಾಗ ಇದೇ. ನೋಡಿ, ಗುರುತು ಕಟ್ಟಿ, ಮುಂದಕ್ಕೆ ಹೋಗಬೇಕು. ‘ನನ್ನ ಮಗನನ್ನು ನೋಡಿ’ ಎಂದು ತಾಯಿಯೊಬ್ಬಳು ಸೆರಗೊಡ್ಡಿ ಬೇಡುತ್ತಿರುವಾಗ, ಆ ಮಗ ಹಳದಿಯವನೆಂದು ತಿಳಿದಿದ್ದರೆ, ಅವಳನ್ನು ದಾಟಿ ಕೆಂಪಿನವನ ಬಳಿಗೆ ಹೋಗಬೇಕು. ಇದು ಕಲ್ಲುಹೃದಯದ ಕೆಲಸವೆಂದು ತೋರಬಹುದು. ಆದರೆ ಆ ಒಂದು ನಿಮಿಷದಲ್ಲಿ ಉಳಿಯಬಹುದಾದ ಮತ್ತೊಬ್ಬ ತಾಯಿಯ ಮಗನನ್ನು ನೆನೆದಾಗ ಆ ನಡಿಗೆಯಲ್ಲಿ ಎಂತಹ ಕರುಣೆಯಿದೆ ಎಂಬುದು ಅರಿವಾಗುತ್ತದೆ. ಗುರುತು ಹಣೆಬರಹವೂ ಅಲ್ಲ. ಹಳದಿಯವರ ಸ್ಥಿತಿ ಕೆಡಬಹುದು, ಕೆಂಪಿನವರು ಸುಧಾರಿಸಬಹುದು. ಆದುದರಿಂದ ವಿಂಗಡಣೆಯನ್ನು ಮತ್ತೆ ಮತ್ತೆ ಮಾಡಬೇಕೆಂಬುದು ನಿಯಮ. ಮಕ್ಕಳ ವಿಷಯದಲ್ಲಿ ಅಳತೆಯೇ ಬೇರೆ. ಚಿಕ್ಕ ಮಕ್ಕಳ ಉಸಿರಾಟ ಸಹಜವಾಗಿಯೇ ವೇಗವಾಗಿರುತ್ತದೆ; ಉಸಿರು ನಿಂತರೂ ಹೃದಯ ಇನ್ನೂ ಸ್ವಲ್ಪ ಹೊತ್ತು ಮಿಡಿಯುತ್ತಿರಬಹುದು. ಇದನ್ನು ಗಮನಿಸಿ ಅಮೆರಿಕದ ಮಕ್ಕಳ ವೈದ್ಯೆ ಲೂ ರೋಮಿಗ್ ಅವರು 1995ರಲ್ಲಿ ‘ಜಂಪ್‌ಸ್ಟಾರ್ಟ್’ ಎಂಬ ಬೇರೊಂದು ಸೂತ್ರವನ್ನು ರಚಿಸಿದರು. ಅದರಂತೆ, ಉಸಿರಿಲ್ಲದಿದ್ದರೂ ನಾಡಿಯಿರುವ ಮಗುವಿಗೆ ಐದು ಬಾರಿ ಉಸಿರೂದಿ ನೋಡಿದ ಮೇಲೆಯೇ ತೀರ್ಮಾನ.

ಸೂತ್ರ ದೊರೆತ ಮಾತ್ರಕ್ಕೆ ಸಮಸ್ಯೆ ತೀರಲಿಲ್ಲ. ಬೇರೆ ಬೇರೆ ದೇಶಗಳು, ಒಂದೇ ದೇಶದ ಬೇರೆ ಬೇರೆ ಊರುಗಳು ಬೇರೆ ಬೇರೆ ಸೂತ್ರಗಳನ್ನು ಇಟ್ಟುಕೊಂಡವು. ಸಣ್ಣ ಅಪಘಾತದಲ್ಲಿ ಇದರಿಂದ ತೊಂದರೆಯಿಲ್ಲ. ಅಲ್ಲಿಗೆ ಬರುವುದು ಒಂದೇ ಊರಿನ ತಂಡ. ಮಹಾದುರಂತದಲ್ಲಿ ಹತ್ತು ಊರುಗಳಿಂದ ತಂಡಗಳು ಬರುತ್ತವೆ. ಒಬ್ಬರು ಕೆಂಪೆಂದು ಗುರುತಿಸಿದವನನ್ನು ಇನ್ನೊಬ್ಬರು ಹಳದಿಯೆಂದರೆ, ಒಂದು ತಂಡದ ಚೀಟಿಯನ್ನು ಇನ್ನೊಂದು ತಂಡ ಓದಲಾರದೆ ಹೋದರೆ, ಪ್ರತಿಯೊಬ್ಬ ಗಾಯಾಳುವನ್ನೂ ಆಸ್ಪತ್ರೆಯಲ್ಲಿ ಮೊದಲಿನಿಂದ ಪರೀಕ್ಷಿಸಬೇಕಾಗುತ್ತದೆ. ಸೇರಿನ ಅಳತೆ ಊರೂರಿಗೆ ಬೇರೆಯಾದರೆ ಸಂತೆಯಲ್ಲಿ ಜಗಳವಾಗುತ್ತದೆ; ಪ್ರಾಣದ ಅಳತೆ ಬೇರೆಯಾದರೆ ಪ್ರಾಣವೇ ಹೋಗುತ್ತದೆ.

ಜಪಾನ್ ದೇಶದ ಅನುಭವ ಇದಕ್ಕೆ ನಿದರ್ಶನ. 1995ರ ಜನವರಿ 17ರ ನಸುಕಿನಲ್ಲಿ ಕೋಬೆ ನಗರದ ಸುತ್ತಣ ಪ್ರದೇಶವನ್ನು ಭೂಕಂಪ ನಡುಗಿಸಿತು. 6,434 ಮಂದಿ ಮಡಿದರು. ಆಸ್ಪತ್ರೆಗಳೂ ಹಾನಿಗೊಂಡವು, ಹಾನಿಗೊಂಡ ಆಸ್ಪತ್ರೆಗಳಿಗೇ ಗಾಯಾಳುಗಳು ಮುಗಿಬಿದ್ದರು. ಆವರೆಗೆ ಆ ದೇಶದಲ್ಲಿ ಬೇರೆ ಬೇರೆ ಸಂಸ್ಥೆಗಳು ತಮ್ಮ ತಮ್ಮ ಬಗೆಯ ವಿಂಗಡಣೆಯ ಚೀಟಿಗಳನ್ನು ಬಳಸುತ್ತಿದ್ದವು. 1996ರಲ್ಲಿ ಇಡೀ ದೇಶಕ್ಕೆ ಒಂದೇ ಚೀಟಿ ಎಂದು ಗೊತ್ತುಮಾಡಲಾಯಿತು. ಆ ಚೀಟಿಯ ರಚನೆ ಬಹು ಸರಳ. ಅದರ ಕೆಳಭಾಗದಲ್ಲಿ ಮೇಲಿನಿಂದ ಕೆಳಕ್ಕೆ ಕಪ್ಪು, ಕೆಂಪು, ಹಳದಿ, ಹಸಿರು ಪಟ್ಟಿಗಳಿವೆ. ಬೇಡವಾದ ಪಟ್ಟಿಗಳನ್ನು ಕೆಳಗಿನಿಂದ ಹರಿದುಹಾಕಿ, ತುದಿಯಲ್ಲಿ ಉಳಿಯುವ ಬಣ್ಣವೇ ಗಾಯಾಳುವಿನ ಗುರುತಾಗುವಂತೆ ಮಾಡುತ್ತಾರೆ. ಸಾಮಾನ್ಯವಾಗಿ ಬಲಗೈಯ ಮಣಿಕಟ್ಟಿಗೆ ಕಟ್ಟುತ್ತಾರೆ. ಯಾವ ಊರಿನ ತಂಡ ಬಂದರೂ ಎಲ್ಲಿ ನೋಡಬೇಕು, ಏನನ್ನು ಓದಬೇಕು ಎಂಬುದು ಅದಕ್ಕೆ ಗೊತ್ತು.

2005ರ ಏಪ್ರಿಲ್ 25ರಂದು ಈ ಚೀಟಿಗೆ ಕಠಿಣ ಪರೀಕ್ಷೆ ಒದಗಿತು. ಅಮಗಾಸಾಕಿ ನಗರದಲ್ಲಿ ವೇಗವಾಗಿ ತಿರುವು ದಾಟುತ್ತಿದ್ದ ರೈಲೊಂದು ಹಳಿ ತಪ್ಪಿ ವಸತಿ ಕಟ್ಟಡವೊಂದಕ್ಕೆ ಅಪ್ಪಳಿಸಿತು. ಚಾಲಕನೂ ಸೇರಿ 107 ಮಂದಿ ಸತ್ತರು. 562 ಮಂದಿ ಗಾಯಗೊಂಡರು. ಹತ್ತಿರದ ಕಾರ್ಖಾನೆಯ ಕೆಲಸಗಾರರು ಕೆಲಸ ನಿಲ್ಲಿಸಿ ಓಡಿಬಂದು ಗಾಯಾಳುಗಳನ್ನು ಹೊತ್ತರು. ವೈದ್ಯರು ಸ್ಥಳದಲ್ಲಿಯೇ ವಿಂಗಡಿಸಿದರು. ಕಪ್ಪು ಗುರುತಿನವರನ್ನು ಅಲ್ಲಿಯೇ ಇರಿಸಿ, ಬದುಕಬಲ್ಲವರನ್ನು ಆಸ್ಪತ್ರೆಗಳಿಗೆ ಕಳುಹಿಸಿದರು. ವ್ಯವಸ್ಥೆ ತನ್ನ ಕೆಲಸವನ್ನು ಮಾಡಿತು. ಆದರೆ ಕಪ್ಪು ಚೀಟಿ ಪಡೆದವರ ಮನೆಯವರ ಎದೆಯಲ್ಲಿ ಒಂದು ಪ್ರಶ್ನೆ ಉಳಿಯಿತು: ನಿಜವಾಗಿಯೂ ಏನೂ ಮಾಡಲಾಗುತ್ತಿರಲಿಲ್ಲವೆ? ಈ ಪ್ರಶ್ನೆಯನ್ನು ತಳ್ಳಿಹಾಕುವುದು ಸರಿಯಲ್ಲವೆಂದು ಅರಿತ ವೈದ್ಯರೂ ಇತರರೂ ಸೇರಿ, ದುರಂತಗಳಲ್ಲಿ ಮಡಿದವರ ಕುಟುಂಬಗಳಿಗೆ ನೆರವಾಗುವ ಬಗೆಯನ್ನು ಚಿಂತಿಸಲು 2006ರಲ್ಲಿ ಒಂದು ಅಧ್ಯಯನ ಕೂಟವನ್ನು ಕಟ್ಟಿದರು.

ಒಂದೇ ಅಳತೆ ಏಕೆ ಬೇಕು ಎಂಬುದರ ಆಳವಾದ ಕಾರಣ ಇಲ್ಲಿದೆ. ಅದು ಬರಿಯ ವೇಗಕ್ಕಾಗಿ ಅಲ್ಲ. ಅಳತೆ ಇಲ್ಲದೆಡೆ ಸಹಾಯಕನು ತನ್ನ ಮನಸ್ಸಿಗೆ ತೋಚಿದಂತೆ ನಿರ್ಧರಿಸಬೇಕು. ಯಾರನ್ನೋ ಬಿಟ್ಟುಬಂದೆನೆಂಬ ಕೊರಗನ್ನು ಬದುಕಿನುದ್ದಕ್ಕೂ ಒಬ್ಬನೇ ಹೊರಬೇಕು. ಸಮಾಜವೆಲ್ಲ ಶಾಂತವಾಗಿದ್ದ ಕಾಲದಲ್ಲಿ, ವಿವೇಕಿಗಳು ಕುಳಿತು ಚರ್ಚಿಸಿ ಒಪ್ಪಿದ ನಿಯಮವಿದ್ದರೆ ಆ ಭಾರ ಹಂಚಿಹೋಗುತ್ತದೆ. ಸತ್ತವನ ಮನೆಯವರಿಗೂ ಒಂದು ಸಮಾಧಾನ ಸಿಗುತ್ತದೆ: ನಮ್ಮವನನ್ನು ಅಳೆದ ಕೋಲಿನಿಂದಲೇ ಎಲ್ಲರನ್ನೂ ಅಳೆದರು; ಬಡವನೆಂದಾಗಲಿ ಪರಕೀಯನೆಂದಾಗಲಿ ಹಿಂದಕ್ಕೆ ತಳ್ಳಲಿಲ್ಲ.

ಈ ಏಕರೂಪತೆಯ ಕಡೆಗೆ ಬೇರೆ ದೇಶಗಳೂ ನಡೆದಿವೆ. ಅಮೆರಿಕದಲ್ಲಿ ತಜ್ಞರು ಇದ್ದ ಪದ್ಧತಿಗಳನ್ನೆಲ್ಲ ತೂಗಿ ನೋಡಿ 2008ರಲ್ಲಿ ‘ಸಾಲ್ಟ್’ ಎಂಬ ಪದ್ಧತಿಯನ್ನು ಮುಂದಿಟ್ಟರು. ಜೀವವಿದ್ದರೂ ಲಭ್ಯ ನೆರವಿನಿಂದ ಬದುಕುವ ಸಂಭವವಿಲ್ಲದವರಿಗೆ ಅದು ಬೂದುಬಣ್ಣವನ್ನು ಗೊತ್ತುಮಾಡಿತು. ನೆರವು ಹೆಚ್ಚಿದೊಡನೆ ಅವರನ್ನು ಮತ್ತೆ ನೋಡಬೇಕು. 2011ರಲ್ಲಿ, ಯಾವ ಊರು ಯಾವ ಪದ್ಧತಿಯನ್ನು ಬಳಸಿದರೂ ಅದರಲ್ಲಿ ಇರಲೇಬೇಕಾದ ಸಮಾನ ಲಕ್ಷಣಗಳನ್ನು ಅಲ್ಲಿ ಪಟ್ಟಿಮಾಡಲಾಯಿತು. ಬ್ರಿಟನ್ನಿನ ಮ್ಯಾಂಚೆಸ್ಟರ್ ನಗರದಲ್ಲಿ 2017ರ ಮೇ 22ರಂದು ಬಾಂಬ್ ಸ್ಫೋಟಕ್ಕೆ 22 ಮಂದಿ ಬಲಿಯಾದರು. 2023ರಲ್ಲಿ ಆ ದೇಶದ ಸಾರ್ವಜನಿಕ ಆರೋಗ್ಯ ಸೇವಾ ಸಂಸ್ಥೆ ಆಂಬ್ಯುಲೆನ್ಸಿನವರು, ಪೊಲೀಸರು, ಅಗ್ನಿಶಾಮಕ ದಳದವರು ಎಲ್ಲರೂ ಬಳಸಬಹುದಾದ ‘ಹತ್ತು ಸೆಕೆಂಡಿನ ವಿಂಗಡಣೆ’ಯನ್ನು ಪ್ರಕಟಿಸಿತು. ಅದರಲ್ಲಿ ಉಸಿರನ್ನೂ ನಾಡಿಯನ್ನೂ ಎಣಿಸುವ ಗೋಜಿಲ್ಲ. ನಡೆಯುತ್ತಾನೆಯೆ, ರಕ್ತ ಸುರಿಯುತ್ತಿದೆಯೆ, ಮಾತಾಡುತ್ತಾನೆಯೆ ಎಂಬಂತಹ ಪ್ರಶ್ನೆಗಳಿಂದ ನಿರ್ಧಾರ.

ಯಾವ ಸೂತ್ರವೂ ದೋಷರಹಿತವಲ್ಲ. ಅಪಾಯದಲ್ಲಿರುವವನನ್ನು ಹಳದಿಯೆಂದು ಗುರುತಿಸಿದರೆ ಅವನ ಪ್ರಾಣಕ್ಕೆ ಸಂಚಕಾರ. ಕನಿಕರದಿಂದ ಎಲ್ಲರಿಗೂ ಕೆಂಪು ಕಟ್ಟಿದರೆ ಕೆಂಪಿಗೆ ಅರ್ಥವೇ ಉಳಿಯುವುದಿಲ್ಲ. ಆದುದರಿಂದ ಸೂತ್ರಗಳನ್ನು ಅಭ್ಯಾಸದಿಂದ ಹದಗೊಳಿಸಬೇಕು. ಅಮೆರಿಕದ ಸೂ ಸಿಟಿ ಎಂಬಲ್ಲಿ 1987ರಲ್ಲಿ, ದೊಡ್ಡ ವಿಮಾನ ಅಪಘಾತಕ್ಕೀಡಾದಂತೆ ಕಲ್ಪಿಸಿ ಎಲ್ಲ ಇಲಾಖೆಗಳೂ ಅಣಕು ಕಾರ್ಯಾಚರಣೆ ನಡೆಸಿದ್ದವು. 1989ರ ಜುಲೈ 19ರಂದು 296 ಮಂದಿಯಿದ್ದ ವಿಮಾನವೊಂದು ಹತೋಟಿ ತಪ್ಪಿ ಅದೇ ನಿಲ್ದಾಣದಲ್ಲಿ ಅಪ್ಪಳಿಸಿತು. 184 ಮಂದಿ ಉಳಿದರು. ಬೆಂಕಿ ಬಿದ್ದಾಗ ಬಾವಿ ತೋಡುವ ಗತಿ ಆ ಊರಿಗೆ ಬರಲಿಲ್ಲ. ಬಾಸ್ಟನ್ ನಗರದಲ್ಲಿ 2013ರ ಏಪ್ರಿಲ್ 15ರಂದು ಓಟದ ಸ್ಪರ್ಧೆಯ ಕೊನೆಯ ಗೆರೆಯ ಬಳಿ ಬಾಂಬುಗಳು ಸಿಡಿದಾಗ 3 ಮಂದಿ ಸ್ಥಳದಲ್ಲಿಯೇ ಸತ್ತರು, 260ಕ್ಕೂ ಹೆಚ್ಚು ಮಂದಿ ಗಾಯಗೊಂಡರು. ಗಾಯಾಳುಗಳನ್ನು ಒಂದೇ ಆಸ್ಪತ್ರೆಗೆ ತುಂಬದೆ ಹಲವು ಆಸ್ಪತ್ರೆಗಳಿಗೆ ಹಂಚಿದರು. ಜೀವಸಹಿತ ಆಸ್ಪತ್ರೆ ತಲಪಿದವರೆಲ್ಲರೂ ಬದುಕಿದರು.

ನಮ್ಮ ದೇಶದಲ್ಲಿ ರಾಷ್ಟ್ರೀಯ ವಿಪತ್ತು ನಿರ್ವಹಣಾ ಪ್ರಾಧಿಕಾರವು ಸಾಮೂಹಿಕ ಗಾಯಾಳುಗಳ ಚಿಕಿತ್ಸೆಯ ಸಿದ್ಧತೆಯನ್ನು ಕುರಿತು 2007ರಲ್ಲಿ ಮಾರ್ಗಸೂಚಿಯನ್ನು ಹೊರಡಿಸಿದೆ. ಕರ್ನಾಟಕದಲ್ಲಿ 2008ರಿಂದ 108 ಆಂಬ್ಯುಲೆನ್ಸ್ ಸೇವೆ ನಡೆಯುತ್ತಿದೆ. ಆದರೆ ಅಪಘಾತವಾದ ಮರುಕ್ಷಣದಲ್ಲಿ ಅಲ್ಲಿರುವವರು ದಾರಿಹೋಕರು, ಊರವರು. ನಾಳೆ ನೀವೂ ಆಗಬಹುದು. ಆಗ ಮುತ್ತಿ ನಿಲ್ಲಬೇಡಿ. 108ಕ್ಕೋ 112ಕ್ಕೋ ಕರೆಮಾಡಿ, ಸ್ಥಳವನ್ನೂ ಗಾಯಾಳುಗಳ ಅಂದಾಜು ಸಂಖ್ಯೆಯನ್ನೂ ತಿಳಿಸಿ. ನಡೆಯಬಲ್ಲವರನ್ನು ಒಂದು ಕಡೆ ಕೂರಿಸಿ. ರಕ್ತ ಸುರಿಯುವ ಗಾಯವನ್ನು ಶುಭ್ರವಾದ ಬಟ್ಟೆಯಿಂದ ಬಿಗಿಯಾಗಿ ಒತ್ತಿ ಹಿಡಿಯಿರಿ. ಸದ್ದಿಲ್ಲದೆ ಬಿದ್ದಿರುವವರನ್ನು ಹುಡುಕಿ ತೋರಿಸಿ. ಬಂದ ಮೊದಲ ಆಂಬ್ಯುಲೆನ್ಸಿನಲ್ಲಿ ನಮ್ಮವರೇ ಹೋಗಲಿ ಎಂದು ಹಟ ಹಿಡಿಯಬೇಡಿ.

ಎಲ್ಲರಿಗೂ ಎಲ್ಲವನ್ನೂ ಕೊಡಲು ಸಾಧ್ಯವಿರುವಾಗ ನ್ಯಾಯವಂತರಾಗಿರುವುದು ಸುಲಭ. ಕೊಡುವ ಕೈಗಳು ಕಡಮೆಯಾದಾಗ ನ್ಯಾಯದ ನಿಜವಾದ ಪರೀಕ್ಷೆ. ಆ ಪರೀಕ್ಷೆಯ ಉತ್ತರವನ್ನು ಆಪತ್ತಿನ ಗದ್ದಲದಲ್ಲಿ ಹುಡುಕಲಾಗದು; ನೆಮ್ಮದಿಯ ದಿನಗಳಲ್ಲಿಯೇ ಬರೆದು, ಕಲಿತು, ಒಪ್ಪಿಟ್ಟುಕೊಂಡಿರಬೇಕು. ಮಣಿಕಟ್ಟಿಗೆ ಕಟ್ಟುವ ಆ ಚಿಕ್ಕ ಬಣ್ಣದ ಚೀಟಿ, ಒಬ್ಬರನ್ನೊಬ್ಬರು ಅರಿಯದ ಸಾವಿರಾರು ಜನರು ಮುಂಚಿತವಾಗಿ ಮಾಡಿಕೊಂಡ ಒಂದು ಒಪ್ಪಂದ.

ಪದಗಳ ಅರ್ಥ

ವಿಂಗಡಣೆ – ಬೇರೆ ಬೇರೆ ಮಾಡುವಿಕೆ
ಶುಶ್ರೂಷೆ – ಆರೈಕೆ, ಉಪಚಾರ
ಜಂಗುಳಿ – ಗುಂಪು, ದಟ್ಟಣೆ
ಕ್ಷಣಾರ್ಧ – ಅರ್ಧ ಕ್ಷಣ, ಬಹಳ ಸ್ವಲ್ಪ ಕಾಲ
ನಿದರ್ಶನ – ಉದಾಹರಣೆ
ಸಂಚಕಾರ – ಕೇಡು, ಅಪಾಯ
ಸೇರು – ಧಾನ್ಯ ಅಳೆಯುವ ಹಳೆಯ ಮಾನ
ಅಣಕು ಕಾರ್ಯಾಚರಣೆ – ನಿಜವಾದ ಘಟನೆ ನಡೆದಂತೆ ಭಾವಿಸಿ ಮಾಡುವ ಅಭ್ಯಾಸ

ಅಭ್ಯಾಸ

ಅ. ಒಂದೊಂದು ವಾಕ್ಯದಲ್ಲಿ ಉತ್ತರಿಸಿ.
1. ‘ಹಾರುವ ಆಂಬ್ಯುಲೆನ್ಸ್’ ವ್ಯವಸ್ಥೆಯನ್ನು ಕಲ್ಪಿಸಿದವನು ಯಾರು?
2. ಪಿರೊಗೋವ್ ಗಾಯಾಳುಗಳನ್ನು ಎಷ್ಟು ಗುಂಪುಗಳಾಗಿ ಬೇರ್ಪಡಿಸಿದನು?
3. ‘ಟ್ರಯಾಜ್’ ಪದದ ಮೂಲ ಅರ್ಥವೇನು?
4. ಜಪಾನಿನಲ್ಲಿ ಇಡೀ ದೇಶಕ್ಕೆ ಒಂದೇ ಚೀಟಿ ಜಾರಿಗೆ ಬಂದುದು ಯಾವಾಗ?

ಆ. ನಾಲ್ಕೈದು ವಾಕ್ಯಗಳಲ್ಲಿ ಉತ್ತರಿಸಿ.
1. ‘ಸ್ಟಾರ್ಟ್’ ಸೂತ್ರದ ನಡೆಯನ್ನು ವಿವರಿಸಿ.
2. ಮಕ್ಕಳಿಗೆ ಬೇರೆ ಅಳತೆ ಏಕೆ ಬೇಕಾಯಿತು?
3. ವಿಂಗಡಣೆಯಲ್ಲಿ ಒಂದೇ ಅಳತೆ ಬೇಕೆನ್ನಲು ಲೇಖಕರು ಕೊಡುವ ಕಾರಣಗಳಾವುವು?
4. ಅಪಘಾತದ ಸ್ಥಳದಲ್ಲಿ ದಾರಿಹೋಕರ ಕರ್ತವ್ಯಗಳೇನು?

ಇ. ಸಂದರ್ಭ ಸಹಿತ ಸ್ವಾರಸ್ಯ ವಿವರಿಸಿ.
1. “ಗುರುತು ಹಣೆಬರಹವೂ ಅಲ್ಲ.”
2. “ನಿಜವಾಗಿಯೂ ಏನೂ ಮಾಡಲಾಗುತ್ತಿರಲಿಲ್ಲವೆ?”
3. “ಪ್ರಾಣದ ಅಳತೆ ಬೇರೆಯಾದರೆ ಪ್ರಾಣವೇ ಹೋಗುತ್ತದೆ.”

ಈ. ಬಿಡಿಸಿ ಬರೆದು ಸಂಧಿಯನ್ನು ಹೆಸರಿಸಿ.
ಕ್ಷಣಾರ್ಧ, ಮತ್ತೊಬ್ಬ, ಊರೂರು, ಚೀಟಿಯನ್ನು

ಉ. ‘ಬೆಂಕಿ ಬಿದ್ದಾಗ ಬಾವಿ ತೋಡಿದಂತೆ’—ಈ ಗಾದೆಯನ್ನು ವಿಸ್ತರಿಸಿ ಬರೆಯಿರಿ.